ಜನಾನಾದ ಗಂಟೆ

ಹುಮನಾಬಾದಿನ ಥೇಟರಿನಲ್ಲಿ ಹೆಂಗಸರ ಮುಂದಿದ್ದ ಕಲ್ಲಿನ ಜಾಲಿ, ಅಂದರೆ ಜಾಲಂದರ, ಕೀಳಿಸುತ್ತಾರಂತೆ ಎಂಬ ಸುದ್ದಿ ಕಲ್ಯಾಣಿಗೆ ಮುಟ್ಟಿದ್ದು ಎಳ್ಳಮಾವಾಸ್ಯೆ ಕಳೆದ ಮೇಲೆ. ಕಲ್ಯಾಣಿ ಅಂದರೆ ಈಗಿನ ಬಸವಕಲ್ಯಾಣ. ಆಗಿನ್ನೂ ಆ ಹೆಸರು ಬಂದಿರಲಿಲ್ಲ. ಸುದ್ದಿ ಕೇಳಿದವರೆಲ್ಲ ಒಳ್ಳೆಯದೇ ಆಯಿತು, ನವಾಬಶಾಹಿ ಹೋದ ಮೇಲೆ ಜಾಲಿ ಯಾಕೆ ಅಂದರು. ದಿಗಂಬರನೊಬ್ಬನ ಎದೆ ಧಸಕ್ಕೆಂದಿತು. ಮರುದಿನ ಮುಂಜಾನೆಯೇ ಹೊದ್ದಿದ್ದ ಶಾಲನ್ನೇ ಹೆಗಲಿಗೆ ಹಾಕಿಕೊಂಡು ಮೋಟಾರು ಹತ್ತಿದ.

ಈ ದಿಗಂಬರ ನಾಟಕದವನು. ನಲವತ್ತು ದಾಟಿದ ಗಂಡಸು, ಆದರೆ ಮೀಸೆ ಮೂಡುವ ಮೊದಲಿನಿಂದ ಹೆಣ್ಣಿನ ಪಾರ್ಟನ್ನೇ ಮಾಡಿಕೊಂಡು ಬಂದವನು. ಮನೆಯಲ್ಲಿ ಮದುವೆಯಾಗಲಿಲ್ಲ. ರಂಗದ ಮೇಲೆ ಮಾತ್ರ ಎಷ್ಟು ಸಲ ಮದುವೆಯಾಗಿದ್ದನೋ ಅವನಿಗೇ ನೆನಪಿಲ್ಲ, ಪ್ರತಿ ಸಲವೂ ಹೆಂಡತಿಯಾಗಿ. ಅದರ ಬಗ್ಗೆ ಊರವರು ಚೇಷ್ಟೆ ಮಾಡಿದರೆ ಅವನೂ ನಗುತ್ತಿದ್ದ. ನಕ್ಕು, ಕೋಟೆಯ ಹತ್ತಿರದ ತನ್ನ ಒಂಟಿ ಕೋಣೆಗೆ ಹೋಗಿ ಕದ ಹಾಕಿಕೊಳ್ಳುತ್ತಿದ್ದ.

ಈಗ ಅವನು ಹೊರಟಿದ್ದು ಒಂದೇ ಒಂದು ಮಾತು ಕೇಳಲು. ರಜಾಕಾರರ ಗಲಾಟೆಯ ವರ್ಷ, ಹೆಣ್ಣುಮಕ್ಕಳು ಹೊಸ್ತಿಲು ದಾಟಲೂ ಹೆದರುತ್ತಿದ್ದ ದಿನಗಳಲ್ಲಿ, ಆ ಜಾಲಿಯ ಹಿಂದೆ ಬಂದು ಕೂತು ತನ್ನ ಹಾಡಿಗೆ ಮತ್ತೆ ಮತ್ತೆ ಗಂಟೆ ಹೊಡೆಸಿದ ಹೆಂಗಸು ಯಾರು? ಅದು ಗೊತ್ತಿದ್ದದ್ದು ಜನಾನಾದ, ಅಂದರೆ ಹೆಂಗಸರು ಕೂರುವ ಅಟ್ಟದ, ಬಾಗಿಲು ಕಾಯುವ ಹಜಿರಾ ಬೀ ಒಬ್ಬಳಿಗೆ. ಜಾಲಿ ಹೋದರೆ ಹಜಿರಾ ಬೀಯ ಕೆಲಸವೂ ಹೋಯಿತು. ಆಕೆ ಊರು ಬಿಟ್ಟು ಎಲ್ಲಿಗಾದರೂ ಹೊರಟುಹೋದರೆ ಇನ್ನು ಈ ಜನ್ಮದಲ್ಲಿ ಆ ಹೆಸರು ಸಿಕ್ಕಂತೆಯೇ.

ಮೋಟಾರು ಹುಮನಾಬಾದು ಮುಟ್ಟುವುದರೊಳಗೆ ಆ ಥೇಟರಿನ ಕಥೆ ಹೇಳಿಬಿಡುತ್ತೇನೆ. ಅದಿಲ್ಲದೆ ಇವನ ಹುಚ್ಚು ಅರ್ಥವಾಗುವುದಿಲ್ಲ.

ಕಟ್ಟಿಸಿದವರು ಹುಮನಾಬಾದಿನ ಅಡತಿ ವ್ಯಾಪಾರಿ ಮಹಾರುದ್ರಪ್ಪನ ತಂದೆ. ತೊಗರಿ ಮಾರಲು ಸೊಲ್ಲಾಪುರಕ್ಕೆ ಹೋದ ಮನುಷ್ಯ ಅಲ್ಲೊಂದು ನಾಟಕ ನೋಡಿ, ತಲೆ ಕೆಡಿಸಿಕೊಂಡು ಬಂದು, ಗೋದಾಮಿಗೆಂದು ಇಟ್ಟುಕೊಂಡಿದ್ದ ಜಾಗದಲ್ಲಿ ಥೇಟರು ಎಬ್ಬಿಸಿದರು. ಗೋಡೆಗೆ ನಮ್ಮ ಕಡೆಯ ಕೆಂಪು ಕಲ್ಲು, ತಲೆಯ ಮೇಲೆ ತಗಡು, ತಗಡಿನ ಕೆಳಗೆ ಸಾಗವಾನಿ ತೊಲೆ. ರಂಗದ ಹಲಗೆಗಳ ಕೆಳಗೆ ಆಳುದ್ದ ಪೊಳ್ಳು ಬಿಡಿಸಿದ್ದರಿಂದ ಬಡಕಲು ರಾಜ ಕಾಲು ಕುಟ್ಟಿದರೂ ನಗಾರಿ ಬಾರಿಸಿದಂತೆ ಕೇಳುತ್ತಿತ್ತು. ಮುಂದೆ ಅಧಿಕಾರಿಗಳಿಗೆ ಕುರ್ಚಿ, ನಡುವೆ ಬೆಂಚು, ಹಿಂದೆಲ್ಲ ನೆಲ. ಜೋರು ಮಳೆ ಬಂದರೆ ತಗಡಿನ ಸದ್ದಿಗೆ ನಾಟಕ ನಿಂತು, ರಾಜ ಮಂತ್ರಿ ಪ್ರಜೆಗಳೆಲ್ಲ ಸೇರಿ ಭಜಿ ತಿನ್ನುತ್ತಿದ್ದರು.

ಎಲ್ಲ ಸರಿ ಹೋಯಿತು, ಹೆಣ್ಣುಮಕ್ಕಳು ಮಾತ್ರ ಬರಲಿಲ್ಲ. ತಹಸೀಲದಾರರ ಮನೆಯವರು ಪರದೆಯವರು. ಸಾವಕಾರರ ಸೊಸೆಯಂದಿರ ಸಂಕೋಚ ಪರದೆಗಿಂತ ದಪ್ಪ. ಅದಕ್ಕೆ ಹಿರಿಯ ಸಾವಕಾರರು ರಂಗಕ್ಕೆ ಎದುರಾಗಿ, ನೆಲದವರ ತಲೆಯ ಮೇಲೆ, ಒಂದು ಅಟ್ಟ ಕಟ್ಟಿಸಿದರು. ಹಿಂದಿನ ಓಣಿಯಿಂದ ಅದಕ್ಕೆ ಬೇರೆ ಮೆಟ್ಟಿಲು. ಪರದೆ ಕಟ್ಟಿದ ಗಾಡಿ ನೇರ ಮೆಟ್ಟಿಲ ಬಾಯಿಗೇ ಬಂದು ನಿಲ್ಲುತ್ತಿತ್ತು. ಅಟ್ಟದ ಮುಂದೆ ಕಲ್ಲಿನ ಜಾಲಿ. ಅಟ್ಟದಲ್ಲಿ ದೀಪ ಹಚ್ಚುವಂತಿರಲಿಲ್ಲ, ಹೀಗಾಗಿ ಒಳಗಿನವರಿಗೆ ರಂಗವೆಲ್ಲ ಕಾಣುತ್ತಿತ್ತು, ರಂಗದವರಿಗೆ ಜಾಲಿಯ ಕಪ್ಪು ಕಂಡಿಗಳಷ್ಟೇ. ಆ ಕಲ್ಲು ಕೆತ್ತಿದವನು ಕಲ್ಯಾಣಿಯ ಶಂಶುದ್ದೀನ್. ಗಾಡಿಯಲ್ಲಿ ಹುಲ್ಲು ಹಾಸಿ ಜಾಲಿ ಸಾಗಿಸುವಾಗ ಅದು ಅಲುಗದ ಹಾಗೆ ತಬ್ಬಿಕೊಂಡು ಕೂರಲು ಒಬ್ಬರು ಬೇಕಾಗಿತ್ತು. ನಾಟಕದ ಹುಚ್ಚಿನ ದಿಗಂಬರ ಪುಕ್ಕಟೆ ಸಿಕ್ಕ. ಹಾಗೆ ಬಂದವನು ಹುಮನಾಬಾದಿನಲ್ಲೇ ಬಣ್ಣ ಹಚ್ಚಿದ.

ಜನಾನಾದಲ್ಲಿ ಹೆಂಗಸರು ತುಂಬಿದರು. ಆಗ ಇನ್ನೊಂದು ತೊಡಕು ಬಂತು. ಹಾಡು ಹಿಡಿಸಿದರೆ ನೆಲದವರು 'ಒನ್ಸ್ ಮೋರ್' ಎಂದು ಕಿರುಚುತ್ತಿದ್ದರು, ಕುರ್ಚಿಯವರು ಅದನ್ನೇ ಉರ್ದುವಿನಲ್ಲಿ ಗಂಭೀರವಾಗಿ 'ಮುಕರ್ರರ್' ಅನ್ನುತ್ತಿದ್ದರು. ಪರದೆಯ ಹೆಂಗಸರು ದನಿ ಎತ್ತುವುದು ಹೇಗೆ? ಹಿರಿಯ ಸಾವಕಾರರು ರಂಗದ ಕಮಾನಿನ ಕೆಳಗೆ ಒಂದು ಹಿತ್ತಾಳೆ ಗಂಟೆ ತೂಗುಹಾಕಿಸಿ, ಅದರ ಹಗ್ಗವನ್ನು ತೊಲೆಗುಂಟ ಎಳೆಸಿ ಅಟ್ಟದವರೆಗೆ ಒಯ್ದರು. ಹಗ್ಗ ಜಗ್ಗುವ ಕೆಲಸ ಹಜಿರಾ ಬೀಯದು. ಒಳಗಿನವರು ಬೇಕೆಂದರೆ ಆಕೆ ಜಗ್ಗುವಳು, ರಂಗದವರು ಹಾಡನ್ನು ಮತ್ತೆ ಎತ್ತಿಕೊಳ್ಳುವರು. ಜನಾನಾದ ಗಂಟೆಗೆ ಇಲ್ಲವೆನ್ನುವ ನಟ ಆ ಥೇಟರಿನಲ್ಲಿ ಇರಲಿಲ್ಲ.

ಇಲ್ಲಿ ಹತ್ತಿಕೊಂಡಿತು ನಮ್ಮ ದಿಗಂಬರನ ರೋಗ. ಆ ಗಂಟೆ ಉಳಿದ ಯಾರಿಗೂ ಬಾರಿಸದಷ್ಟು ಇವನಿಗೆ ಬಾರಿಸುತ್ತಿತ್ತು. ಅದೂ ಒಂದೇ ಹಾಡಿಗೆ. ರಾಣಿಯೊಬ್ಬಳು ಕಾಡಿಗೆ ಹೋದ ಗಂಡನ ದಾರಿ ನೋಡುತ್ತ, ಬೀದಿಯ ಚಿತ್ರ ಬರೆದ ರಸ್ತೆ ಪರದೆಯ ಮುಂದೆ ನಿಂತು ಹಾಡುವ ವಿರಹದ ಹಾಡು. ಎರಡನೆಯ ಸಲ ಹಾಡಿದರೂ ಬಿಡುತ್ತಿರಲಿಲ್ಲ, ಮೂರನೆಯ ಸಲಕ್ಕೂ ಗಂಟೆ. ಅಷ್ಟೇ ಚೆಂದಾಗಿ ಅವನು ಅರಮನೆಯಲ್ಲಿ ಹಾಡುತ್ತಿದ್ದ, ಸೆರೆಮನೆಯಲ್ಲಿ ಹಾಡುತ್ತಿದ್ದ. ಆಗ ಗಂಟೆಗೆ ಬಾಯಿ ಬಿದ್ದುಹೋಗುತ್ತಿತ್ತು. ಯಾಕೆ ಹೀಗೆ ಎಂದು ಒಂದು ದಿನವಾದರೂ ತಲೆ ಕೆರೆದುಕೊಂಡಿದ್ದರೆ ಅವನ ಬದುಕು ಬೇರೆಯೇ ಆಗುತ್ತಿತ್ತು. ಹೊಗಳಿಕೆ ಬರುವಾಗ ಯಾರು ತಲೆ ಕೆರೆದುಕೊಳ್ಳುತ್ತಾರೆ? ವಿರಹವೇ ಹೆಣ್ಣುಮಕ್ಕಳ ಮನಸ್ಸಿಗೆ ನಾಟುವುದು ಎಂದು ತಾನೇ ತೀರ್ಮಾನಿಸಿಕೊಂಡ.

ಆಮೇಲೆ ಕೆಟ್ಟ ವರ್ಷ ಬಂತು. ದೇಶಕ್ಕೆಲ್ಲ ಸ್ವಾತಂತ್ರ್ಯ ಬಂತು, ನಿಜಾಮನ ಸೀಮೆಗೆ ಬರಲಿಲ್ಲ. ಊರೂರಿನಲ್ಲಿ ನಿಜಾಮನ ಪರ ಆಯುಧ ಹಿಡಿದ ರಜಾಕಾರರು ತಿರುಗತೊಡಗಿದರು. ಪರದೆ ಎತ್ತಿ ಇಳಿಸುವ ಆಳುಗಳು ರಾತ್ರೋರಾತ್ರಿ ಸೊಲ್ಲಾಪುರದ ಕಡೆ ದಾಟಿಕೊಂಡರು. ಮಹಾರುದ್ರಪ್ಪ ಥೇಟರು ಮುಚ್ಚಲಿಲ್ಲ. ಮುಚ್ಚಿದರೆ ಯಾಕೆ ಮುಚ್ಚಿದೆ ಎಂದು ಕೇಳುವವರು ಬರುತ್ತಾರೆಂಬ ಭಯ. ವಾರಕ್ಕೊಂದು ಆಟ, ನೆಲದ ಮೇಲೆ ಬೆರಳೆಣಿಕೆಯ ಜನ. ಸೀನು ಕಟ್ಟುವವರಿಲ್ಲದ್ದರಿಂದ ಇಳಿಬಿಟ್ಟ ರಸ್ತೆ ಪರದೆ ಇಳಿದೇ ಇತ್ತು. ರಾಜ ಬೀದಿಯಲ್ಲೇ ಪಟ್ಟ ಕಟ್ಟಿಸಿಕೊಂಡ, ಬೀದಿಯಲ್ಲೇ ಮಲಗಿದ, ಹುಲಿಯೂ ಬೀದಿಗೇ ಬಂತು. ನಗುವವರೂ ಇರಲಿಲ್ಲ.

ಅಂಥ ದಿನಗಳಲ್ಲೂ ಜನಾನಾದ ಗಂಟೆ ಬಾರಿಸಿತು. ಒಂದು ಆಟವೂ ತಪ್ಪಲಿಲ್ಲ. ದಿಗಂಬರ ಜಾಲಿಯ ಕಪ್ಪು ಕಂಡಿಗಳನ್ನು ನೋಡುತ್ತ ಹಾಡುವಾಗ ಅಂದುಕೊಳ್ಳುತ್ತಿದ್ದ: ಯಾರೋ ಇದ್ದಾಳೆ, ಜೀವಕ್ಕೆ ಹೆದರದೆ ನನ್ನ ಹಾಡು ಕೇಳಲು ಬರುತ್ತಿದ್ದಾಳೆ. ಸೊಲ್ಲಾಪುರದ ಕಂಪನಿಯವರು ಗುಟ್ಟಾಗಿ ಹೇಳಿಕಳಿಸಿದರು, ಬಾ, ಇಲ್ಲಿ ಸುರಕ್ಷಿತವಾಗಿ ಇರುತ್ತೀ ಎಂದು. ಹೋಗಲಿಲ್ಲ. ಆಕೆಯನ್ನು ಬಿಟ್ಟು ಹೋಗುವುದು ಹೇಗೆ? ಮುಂದೆ ಬೇಸಗೆಯಲ್ಲಿ ಗೋರ್ಟಾ ಊರಿನ ಹತ್ಯಾಕಾಂಡದ ಸುದ್ದಿ ಬಂತು. ಅದನ್ನು ಕೇಳಿದ ದಿನ ಮಹಾರುದ್ರಪ್ಪ ಥೇಟರಿಗೆ ಬೀಗ ಹಾಕಿದ. ದಿಗಂಬರ ಕಲ್ಯಾಣಿಯ ಕೋಣೆ ಸೇರಿಕೊಂಡ. ಪೊಲೀಸ್ ಕಾರ್ಯಾಚರಣೆ ಆಗಿ, ನಿಜಾಮಶಾಹಿ ಹೋಗಿ, ಅತ್ತ ಇತ್ತ ಎರಡೂ ಕಡೆ ಎಷ್ಟೋ ಮನೆಗಳ ದೀಪ ಆರಿ, ಮತ್ತೊಂದು ಚಳಿಗಾಲ ಬರುವವರೆಗೂ ಅವನನ್ನು ಯಾರೂ ಹಾಡೆನ್ನಲಿಲ್ಲ. ಒಂಟಿತನ ಅಂದರೆ ಏನೆಂದು ಆಗ ಅವನಿಗೆ ಪೂರಾ ಗೊತ್ತಾಯಿತು. ಆ ಗಂಟೆಯ ನೆನಪೊಂದಿಲ್ಲದಿದ್ದರೆ ಹುಚ್ಚೇ ಹಿಡಿಯುತ್ತಿತ್ತು.

ಮೋಟಾರು ಇಳಿದು ಥೇಟರಿಗೆ ಹೋದಾಗ ಮಹಾರುದ್ರಪ್ಪ ಬಾಗಿಲಲ್ಲೇ ನಿಂತಿದ್ದ. ತಲೆಯ ಮೇಲೆ ಹೊಸ ಖಾದಿ ಟೋಪಿ. ಗೋಡೆಯ ಮೇಲೆ ಹಸಿ ಬಣ್ಣದಲ್ಲಿ 'ರಾಷ್ಟ್ರೀಯ ನಾಟ್ಯಗೃಹ' ಎಂದು ಬರೆಸಿದ್ದ.

"ಬರ್ರಿ ಮಾಸ್ತರ! ಹ್ಯಾಂಗ ಕಾಣಸ್ತದ ಹೆಸರು? ಜನವರಿ ಇಪ್ಪತ್ತಾರಕ್ಕ ಉದ್ಘಾಟನಾ. ಊರ ಮಂದಿ ಕೂಡಿ ಕಮಿಟಿ ಮಾಡೀವಿ. ಇನ್ನ ಮುಂದ ಗಂಡಸ್ರು ಹೆಂಗಸ್ರು ಎಲ್ಲಾ ಒಂದೇ ಕಡಿ ಕುಂದ್ರತಾರ. ಜಾಲಿ ಗೀಲಿ ಎಲ್ಲಾ ಖಲಾಸ್."

"ಛಲೋ ಆತ್ರಿ ಸಾವಕಾರ್ರ. ಹಜಿರಾ ಬೀ ಎಲ್ಲಿ ಅದಾರ್ರಿ?"

ಮಹಾರುದ್ರಪ್ಪ ಆ ಪ್ರಶ್ನೆಯನ್ನು ಕೇಳಿಸಿಕೊಳ್ಳಲಿಲ್ಲ. ಅವನಿಗೆ ಹೇಳಲಾಗದ ಮಾತೊಂದನ್ನು ಹೇಳುವುದಿತ್ತು. ಟೋಪಿ ಸರಿಮಾಡಿಕೊಂಡ.

"ನೀವು ಬ್ಯಾಸರ ಮಾಡ್ಕೋಬ್ಯಾಡ್ರಿ ಮಾಸ್ತರ. ಕಮಿಟಿಯವರು ಏನಂತಾರಂದ್ರ, ಹೆಣ್ಣಿನ ಪಾರ್ಟ್ ಹೆಣ್ಣಮಕ್ಕಳೇ ಮಾಡ್ಬೇಕಂತ. ಸೊಲ್ಲಾಪುರದಿಂದ ಮೀರಾಬಾಯಿ ಬರಾಕತ್ತಾಳ. ನಿಮಗ ವಿಂಗಿನ್ಯಾಗ ನಿಂತು ಮಾತು ಹೇಳಿಕೊಡೋ ಕೆಲಸ ಇಟ್ಟೀವಿ. ನಿಮ್ಮನ್ನ ಬಿಟ್ಟಿಲ್ಲ ನಾವು."

ಬೇರೆ ದಿನವಾಗಿದ್ದರೆ ದಿಗಂಬರನಿಗೆ ನೆಲ ಕುಸಿಯುತ್ತಿತ್ತು. ಇವತ್ತು ಅದೂ ಅವನಿಗೆ ಎರಡನೆಯ ಮಾತು.

"ಆಗ್ಲಿರಿ. ಹಜಿರಾ ಬೀ ಎಲ್ಲಿ ಅದಾರ?"

"ಮ್ಯಾಲ ಅದಾಳ ನೋಡ್ರಿ, ಜಮಖಾನಿ ತೆಗೀಲಾಕ ಹೋಗ್ಯಾಳ. ಜಾಲಿ ಕಲ್ಲು ಬಿಚ್ಚಾಕ ಗೌಂಡಿ ಲಾಲಪ್ಪ ಆಗಲೇ ಬಂದು ಕುಂತಾನ."

ದಿಗಂಬರ ಓಣಿ ಸುತ್ತಿ ಹಿಂದಿನ ಮೆಟ್ಟಿಲಿಗೆ ಬಂದ. ಇಷ್ಟು ವರ್ಷದಲ್ಲಿ ಆ ಮೆಟ್ಟಿಲು ತುಳಿದವನಲ್ಲ. ಹೆಂಗಸಿನ ಸೀರೆ ಉಟ್ಟೇ ಬಾಳಿದವನಿಗೂ ಅದು ಗಂಡಸರು ಕಾಲಿಡದ ಜಾಗ. ಕೆಳಗಿನಿಂದಲೇ ಕೆಮ್ಮಿದ.

"ಯಾರದು?" ಮೇಲಿನಿಂದ ಹೆಣ್ಣುದನಿ ಕೇಳಿತು.

"ನಾನ್ರಿ ಬೀ. ಕಲ್ಯಾಣಿ ದಿಗಂಬರ."

"ಮಾಸ್ತರ್‌ಸಾಬ್? ಬರ್ರಿ, ಬರ್ರಿ. ಇನ್ನೇನು ಪರದಾ, ಎಲ್ಲಾ ಖಾಲಿ ಆಗ್ಯದ."

ಹಜಿರಾ ಬೀ ಅವನಿಗಿಂತ ಸ್ವಲ್ಪ ಹಿರಿಯಳು, ತೆಳ್ಳನೆಯ ಹೆಂಗಸು. ತಲೆಯ ಮೇಲೆ ಸೆರಗು ಎಳೆದುಕೊಂಡು ಜಮಖಾನೆ ಸುತ್ತುತ್ತಿದ್ದಳು. ಅವಳ ಗಂಡ ಖಮರುದ್ದೀನ್ ಇದೇ ಥೇಟರಿನಲ್ಲಿ ಗ್ಯಾಸಬತ್ತಿ ನೋಡಿಕೊಳ್ಳುತ್ತಿದ್ದವನು. ಕೆಟ್ಟ ವರ್ಷದ ಶುರುವಿನಲ್ಲಿ, ಮಳೆಗಾಲದ ಜ್ವರಕ್ಕೆ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ದಿಗಂಬರ ಮಣ್ಣಿಗೆ ಹೋಗಿದ್ದ. ಆಮೇಲೆ ಆಕೆಯನ್ನು ಒಂದು ಮಾತು ವಿಚಾರಿಸಿರಲಿಲ್ಲ.

ಅವನು ಜಾಲಿಯ ಹತ್ತಿರ ಹೋಗಿ ಒಂದು ಕಂಡಿಗೆ ಕಣ್ಣು ಹಚ್ಚಿದ. ರಂಗ ಅಷ್ಟು ಚಿಕ್ಕದೆಂದು ಅವನಿಗೆ ಗೊತ್ತಿರಲಿಲ್ಲ. ತಾನು ನಿಲ್ಲುತ್ತಿದ್ದ ಜಾಗ ಕಂಡಿತು, ಪಕ್ಕದ ವಿಂಗಿನ ಒಳಭಾಗವೂ ಚೊಕ್ಕ ಕಂಡಿತು. ಗಂಟಲು ಸರಿಮಾಡಿಕೊಂಡು, ದಾರಿಯುದ್ದಕ್ಕೂ ಜೋಡಿಸಿಟ್ಟ ಮಾತನ್ನು ಕೇಳಿದ.

"ಬೀ, ಒಂದು ಮಾತು ಖರೇ ಹೇಳ್ಬೇಕು. ಆ ನನ್ನ ವಿರಹದ ಹಾಡಿಗೆ ಗಂಟಿ ಹೊಡಸ್ತಿದ್ರಲ್ಲ, ಆಕಿ ಯಾರು?"

"ಯಾವಾಕಿರಿ?"

"ಮತ್ತ ಮತ್ತ ಹಾಡಸ್ತಿದ್ದಾಕಿ. ಹೆಸರು ಹೇಳ್ರಿ ಸಾಕು. ನಾ ಆಕಿ ಮನಿ ಕಡಿ ಹೋಗಂಗಿಲ್ಲ, ಯಾರಿಗೂ ಹೇಳಂಗಿಲ್ಲ. ನನಗ ಗೊತ್ತಾದ್ರ ಸಾಕು."

ಹಜಿರಾ ಬೀ ಜಮಖಾನೆ ಬಿಟ್ಟು ಅವನ ಮುಖ ನೋಡಿದಳು. ನಗು ಬಂತು, ನಗಬಾರದು ಎಂದೂ ತಿಳಿಯಿತು.

"ಯಾ ಅಲ್ಲಾ! ನಿಮಗ ಯಾರೂ ಹೇಳಿಲ್ಲೇನು? ನೀವು ರಸ್ತೆ ಪರದಿ ಮುಂದ ಹಾಡಾಗ ಹಿಂದ ದರ್ಬಾರ ಕಟ್ತಿದ್ರಲ್ಲ. ಕಟ್ಟೋದು ಆಗದಿದ್ರ ನಮ್ಮವ್ರು ವಿಂಗಿನ್ಯಾಗ ಕಂದೀಲು ಮ್ಯಾಲ ಎತ್ತತಿದ್ರು. ಅದನ್ನ ನೋಡಿ ನಾ ಹಗ್ಗ ಜಗ್ಗತಿದ್ದೆ. ಕಂದೀಲು ಕೆಳಗ ಇಟ್ರ ಬಿಡತಿದ್ದೆ. ದೊಡ್ಡ ಸಾವಕಾರ್ರೇ ಹೇಳಿಕೊಟ್ಟಿದ್ದು. ಅಂದ್ರ ಒಮ್ಮೊಮ್ಮಿ ಒಳಗಿನ ಹೆಣ್ಣಮಕ್ಕಳೂ ಜಗ್ಗು ಅಂತಿದ್ರು, ಇಲ್ಲಂತಿಲ್ಲ."

ದಿಗಂಬರ ಜಾಲಿ ಹಿಡಿದುಕೊಂಡು ನಿಂತ. ಇಪ್ಪತ್ತು ವರ್ಷಕ್ಕೂ ಮಿಕ್ಕಿದ ಹೆಮ್ಮೆ ಒಂದು ಕಂದೀಲಿನ ಮೇಲೆ ನಿಂತಿತ್ತು. ಬೆನ್ನ ಹಿಂದೆ ಆಳುಗಳು ಸಿಂಹಾಸನ ಎಳೆದಾಡುತ್ತಿದ್ದ ಸದ್ದು ಅವನ ಕಿವಿಗೂ ಬೀಳುತ್ತಿತ್ತಲ್ಲ, ತನಗೆ ಯಾಕೆ ಹೊಳೆಯಲಿಲ್ಲ? ಆದರೂ ಒಂದು ಎಳೆ ಉಳಿದಿತ್ತು. ಅದನ್ನು ಹಿಡಿದುಕೊಂಡ.

"ಆಗ್ಲಿ. ಗಲಾಟಿ ವರ್ಷದಾಗ ಸೀನೇ ಕಟ್ತಿರಲಿಲ್ಲಲ್ರಿ. ಖಮರುದ್ದೀನ್ ಭಾಯಿನೂ ಇರಲಿಲ್ಲ. ಕಂದೀಲು ಎತ್ತೋರು ಯಾರು? ಆವಾಗೂ ಗಂಟಿ ಬಾರಸ್ತಿತ್ತು. ಆವಾಗ ಯಾರು ಬರ್ತಿದ್ರು?"

ಹಜಿರಾ ಬೀ ಜಮಖಾನೆಯ ಮೇಲೆ ಕೂತಳು.

"ಯಾರೂ ಬರ್ತಿರಲಿಲ್ರಿ. ಹೊರಗ ಹೊತ್ತಿ ಉರಿಯಾಕತ್ತಿತ್ತು, ಯಾರು ಬರ್ತಾರ ನಾಟಕಕ್ಕ? ನಾ ಒಬ್ಬಾಕಿನೇ ಇದ್ದೆ. ನಾನೇ ಹೊಡದೆ."

ಒಂದು ಗಳಿಗೆ ದಿಗಂಬರನಿಗೆ ಹೋದ ಜೀವ ಬಂತು. ಇದ್ದಳು! ಬೇಗಂ ಅಲ್ಲ, ಸಾವಕಾರರ ಸೊಸೆಯಲ್ಲ, ಬಾಗಿಲು ಕಾಯುವವಳೇ ಇರಲಿ, ಒಬ್ಬಳಾದರೂ ಇದ್ದಳು.

"ನಿಮಗ ಅಷ್ಟು ಸೇರ್ತಿತ್ತೇನ್ರಿ ಬೀ, ಆ ಹಾಡು?"

"ಸುಳ್ಳು ಹ್ಯಾಂಗ ಹೇಳ್ಲಿ ಮಾಸ್ತರ್‌ಸಾಬ್? ನಿಮ್ಮ ಗಂಟಲ ಮೀಠಾ ಅದ, ಬ್ಯಾರೆ ಮಾತು. ಆದ್ರ ಆ ಹಾಡು ಕೇಳಿ ಕೇಳಿ ನನಗ ಸಾಕಾಗಿ ಹೋಗಿತ್ತು."

"ಮತ್ತ ಯಾಕ ಹೊಡದ್ರಿ?"

ಆಕೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

"ಆ ವರ್ಷ ಮುಂದಿನ ದರ್ಬಾರ ಕಟ್ಟೋರೇ ಇರಲಿಲ್ಲ, ನಿಮ್ಮ ಹಾಡು ಮುಗದ್ರ ಆಟನೂ ಮುಗೀತಿತ್ತು. ಆಟ ಮುಗದ್ರ ಬತ್ತಿ ಆರಸ್ತಾರ. ಬತ್ತಿ ಆರಸಿದ್ರ ಮನಿಗೆ ಹೋಗ್ಬೇಕಾಗ್ತದ. ಮನ್ಯಾಗ ಇವ್ರಿಲ್ಲ. ಇಲ್ಲಾದ್ರ ಕೆಳಗ ನಾಕು ಮಂದಿ ಕುಂತಿರ್ತಿದ್ರು, ನೀವು ಅಲ್ಲಿ ನಿಂತಿರ್ತಿದ್ರಿ. ಇನ್ನೊಂದೀಟು ಹೊತ್ತು ಇರ್ಲಿ ಅಂತ ಜಗ್ಗತಿದ್ದೆ. ಅಷ್ಟರಿ. ನಿಮಗ ತ್ರಾಸ ಕೊಟ್ಟೆ, ಮಾಫ್ ಮಾಡ್ರಿ."

ದಿಗಂಬರನಿಗೆ ಸಿಟ್ಟು ಬರಬೇಕಾಗಿತ್ತು. ಈ ಹೆಂಗಸು ಮನೆಗೆ ಹೋಗಲು ಬೇಸರವೆಂದು ಹಗ್ಗ ಜಗ್ಗಿದ್ದಕ್ಕೆ ತಾನು ಸೊಲ್ಲಾಪುರಕ್ಕೆ ಹೋಗುವುದನ್ನು ಬಿಟ್ಟ, ಜೀವದ ಹಂಗು ಬಿಟ್ಟ. ಸಿಟ್ಟು ಬರಲಿಲ್ಲ. ಬಣ್ಣದ ಕೋಣೆ ನೆನಪಿಗೆ ಬಂತು. ಆಟ ಮುಗಿದ ಮೇಲೆ ಎಲ್ಲರೂ ಬಣ್ಣ ಒರೆಸಿಕೊಂಡು ಹೋದರೂ ತಾನು ಕನ್ನಡಿಯ ಮುಂದೆ ಕೂತೇ ಇರುತ್ತಿದ್ದ. ಬಣ್ಣ ಒರೆಸಿದರೆ ಸೀರೆ ಬಿಚ್ಚಬೇಕು, ಸೀರೆ ಬಿಚ್ಚಿದರೆ ಮಲಗಬೇಕು, ಮಲಗಿದರೆ ಥೇಟರಿನ ಆ ದೊಡ್ಡ ತಗಡಿನ ಕೆಳಗೆ ತಾನೊಬ್ಬನೇ. ಗಂಟೆ ಬಾರಿಸಿದಾಗ ಒಂದು ದಿನವೂ ಅವನಿಗೆ ಬೇಸರವಾಗಿರಲಿಲ್ಲ. ಅದೂ ಹಾಡಿನ ಮೇಲಿನ ಪ್ರೀತಿಯಿಂದಲ್ಲ. ಇಬ್ಬರೂ ಒಂದೇ ಕೆಲಸ ಮಾಡುತ್ತಿದ್ದರು, ಜಾಲಿಯ ಆ ಕಡೆ ಒಬ್ಬರು, ಈ ಕಡೆ ಒಬ್ಬರು. ನಡುವಿನ ಕಲ್ಲನ್ನು ಎದೆಗವಚಿಕೊಂಡು ತಂದವನೇ ತಾನು. ಅವನ ಕಣ್ಣಲ್ಲಿ ನೀರು ಬಂತು.

"ಬೀ, ನಮ್ಮ ಭಾಯಿ ತೀರಿಕೊಂಡಾಗ ನಾ ನಿಮಗ ಒಂದು ಮಾತು ಕೇಳಲಿಲ್ಲ," ಅಂದ. "ಹ್ಯಾಂಗ ಇದ್ದೀರಿ ಅಂತ ಸೈತ ಕೇಳಲಿಲ್ಲ."

"ಯಾರೂ ಕೇಳಲಿಲ್ರಿ. ಆ ವರ್ಷ ಯಾರ್ ಯಾರನ್ನ ಕೇಳ್ಬೇಕಿತ್ತು?"

ಕೆಳಗಿನಿಂದ ಗೌಂಡಿ ಲಾಲಪ್ಪ ಕೂಗಿದ: "ಬೀ ಅವ್ವಾ, ಇಳೀರಿ ಇನ್ನ. ಹೊತ್ತು ಏರಾಕತ್ಯದ. ಕಲ್ಲು ಬಿಚ್ಚಬೇಕು."

ಹಜಿರಾ ಬೀ ಎದ್ದಳು. ಜಮಖಾನೆಯ ಒಂದು ತುದಿಯನ್ನು ದಿಗಂಬರ ಹಿಡಿದ. ಇಬ್ಬರೂ ಅದನ್ನು ಹೊತ್ತುಕೊಂಡು ಹೆಂಗಸರ ಮೆಟ್ಟಿಲಿನಿಂದ ಓಣಿಗೆ ಇಳಿದರು. ಲಾಲಪ್ಪನ ಆಳುಗಳು ಹಾರೆ ಹಿಡಿದು ಮೇಲೆ ಹೋದರು. ಮೊದಲ ಪೆಟ್ಟು ಕೇಳಿದಾಗ ಇಬ್ಬರೂ ತಿರುಗಿ ನೋಡಲಿಲ್ಲ.

ಮುಂದೇನು ಮಾಡಬೇಕೆಂದು ದಿಗಂಬರನಿಗೆ ತಿಳಿಯಲಿಲ್ಲ. ತನ್ನ ಹತ್ತಿರ ಕೊಡುವುದಕ್ಕೆ ಇದ್ದದ್ದು ಒಂದೇ.

"ಒಂದ್ಸಲ ಹಾಡ್ಲೇನ್ರಿ?" ಎಂದು ಕೇಳಿದ. "ಆ ಹಾಡಲ್ಲ. ಬ್ಯಾರೆ ಯಾವುದರೆ."

"ಬ್ಯಾಡ್ರಿ," ಅಂದಳು ಹಜಿರಾ ಬೀ. ಅಂದು, ಓಣಿಯ ಆಚೆ ಈಚೆ ನೋಡಿ, ತನ್ನ ಮನೆಯ ಕಡೆ ಕೈ ಮಾಡಿದಳು. "ಹೊರಗ ಕಟ್ಟಿ ಅದ. ಕುಂದ್ರತೀರೇನು? ಚಾ ಮಾಡ್ತೀನಿ. ಹಾಡೋದೇನೂ ಬ್ಯಾಡ."

ಕಟ್ಟೆಯ ಮೇಲೆ ದಿಗಂಬರ ಗೋಡೆಗೆ ಒರಗಿ ಕೂತ. ಓಣಿಯಲ್ಲಿ ಹಾದುಹೋದ ಇಬ್ಬರು ಅವನನ್ನು ನೋಡಿದರು, ಏನೋ ಮಾತಾಡಿಕೊಂಡು ಹೋದರು. ಅವನು ಏಳಲಿಲ್ಲ. ಬಾಗಿಲಿಗೆ ಗೋಣಿತಟ್ಟಿನ ಪರದೆ ಇತ್ತು, ಒಳಗಿನದು ಏನೂ ಕಾಣುತ್ತಿರಲಿಲ್ಲ. ಒಲೆ ಊದುವ ಸದ್ದು ಬಂತು, ಪಾತ್ರೆ ಇಟ್ಟ ಸದ್ದು ಬಂತು. ಆಮೇಲೆ ಸದ್ದು ನಿಂತಿತು.

"ಅದೀರೇನ್ರಿ?" ಒಳಗಿನಿಂದ ಹಜಿರಾ ಬೀ ಕೇಳಿದಳು.

"ಅದೀನ್ರಿ," ಅಂದ ದಿಗಂಬರ.

ನೀರು ಕುದಿಯುವುದರೊಳಗೆ ಆಕೆ ಅದನ್ನೇ ಇನ್ನೊಮ್ಮೆ ಕೇಳಿದಳು, ಅವನು ಅದನ್ನೇ ಇನ್ನೊಮ್ಮೆ ಹೇಳಿದ.